ಎರಿ ಹಿಡಿದ ಗಾಲಿ

ಉತ್ತರಿ ಮಳೆ ರಾತ್ರಿಯಿಡೀ ಜಡಿದು ನಸುಕಿಗೆ ನಿಂತಿದೆ. ಬಸವನ ಬಾಗೇವಾಡಿ ದಾಟಿ ಡೋಣಿ ಸಾಲಿನ ಕಡೆಗೆ ಹೊರಟ ನೀವು ಈಗಷ್ಟೇ ಡಾಂಬರು ಬಿಟ್ಟು ಎಡಕ್ಕೆ ಹೊಲದ ದಾರಿಗೆ ತಿರುಗಿದ್ದೀರಿ. ಕೂತಿರುವುದು ಬೊಲೆರೊ ಪಿಕಪ್ಪಿನ ಮುಂದಿನ ಸೀಟಿನಲ್ಲಿ. ಹಿಂದೆ ಬಿತ್ತನೆ ಜೋಳ, ಕಡಲೆ, ನಾಲ್ಕಾರು ಗೊಬ್ಬರದ ಚೀಲ. ಎರಡೂ ಬದಿಗೆ ಎರಿ ಹೊಲ, ನೀರು ಕುಡಿದು ಇನ್ನಷ್ಟು ಕಪ್ಪಾಗಿದೆ. ನಡುವೆ ತೊಗರಿ ಸಾಲು, ತೊಳೆದ ಹಸಿರು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂದು ಇಲ್ಲಿಯ ಹಿರಿಯರು ಅನ್ನುವುದು ಇದೇ ಮಣ್ಣನ್ನು ನೋಡಿ. ಬೆಳೆಗೆ ಬಂಗಾರ ಸರಿ. ಗಾಲಿಗೆ ಇದು ಏನೆಂಬುದು ಇನ್ನು ಸ್ವಲ್ಪ ಹೊತ್ತಿನಲ್ಲಿ ತಿಳಿಯುತ್ತದೆ.

ದಾರಿಯ ಬಾಯಲ್ಲಿ ಒಂದು ಸ್ವಿಫ್ಟ್ ಕಾರು ನಿಂತಿದೆ. ಅದರ ಒಡೆಯ ಪ್ಯಾಂಟನ್ನು ಮೊಳಕಾಲ ತನಕ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ನಡೆದೇ ಹೊಲಕ್ಕೆ ಹೊರಟಿದ್ದಾನೆ. ಬುದ್ಧಿವಂತ.

"ಹೋಗ್ತದೇನೊ ತಮ್ಮಾ?" ಎಂದು ನೀವು ಪಿಕಪ್ ಹೊಡೆಯುವ ಹುಡುಗನನ್ನು ಕೇಳುತ್ತೀರಿ.

"ಹೋಗ್ತದ್ರೀ. ಹಿಂದ ಲೋಡ್ ಅದಲ್ಲ, ಗಾಲಿ ಒತ್ತಿ ಹಿಡಿತದ."

ಹುಡುಗನ ಮಾತು ತಪ್ಪಲ್ಲ. ಪಿಕಪ್ಪಿನ ಇಂಜಿನ್ ಮುಂದೆ, ಬಲ ಹೋಗುವುದು ಹಿಂದಿನ ಗಾಲಿಗೆ. ಖಾಲಿ ಇದ್ದಾಗ ಹಿಂಭಾಗ ಹಗುರ, ಸ್ವಲ್ಪ ರಾಡಿ ಸಿಕ್ಕರೂ ಬಾಲ ಅತ್ತಿತ್ತ ಆಡುತ್ತದೆ. ಚೀಲ ಹೇರಿದರೆ ತೂಕ ಹಿಂದಿನ ಗಾಲಿಯ ಮೇಲೆ ಕೂತು ಹಿಡಿತ ಬರುತ್ತದೆ. ಹಿಮ ಬೀಳುವ ಅಮೆರಿಕ, ಕೆನಡಾಗಳಲ್ಲೂ ಪಿಕಪ್ಪಿನವರು ಚಳಿಗಾಲಕ್ಕೆ ಹಿಂದೆ ಮರಳಿನ ಚೀಲ ಹಾಕಿಕೊಂಡೇ ಓಡಾಡುತ್ತಾರೆ. ಸ್ವಿಫ್ಟಿನ ಲೆಕ್ಕ ಬೇರೆ: ಇಂಜಿನ್ನೂ ಮುಂದೆ, ಎಳೆಯುವ ಗಾಲಿಯೂ ಮುಂದೆ. ಖಾಲಿ ಕಾರು, ಖಾಲಿ ಪಿಕಪ್ ಜೊತೆಗೆ ಹೊರಟರೆ ಜಾರುವ ದಾರಿಯಲ್ಲಿ ಕಾರೇ ಹೆಚ್ಚು ದೂರ ಹೋದೀತು. ಅದಕ್ಕೆ ತಡೆಯಾಗುವುದು ಹೊಟ್ಟೆ. ನೆಲಕ್ಕೂ ಹೊಟ್ಟೆಗೂ ಒಂದು ಗೇಣು ಅಂತರವೂ ಇಲ್ಲ, ಟ್ರ್ಯಾಕ್ಟರ್ ತುಳಿದ ಎರಡು ಹಳ್ಳಗಳ ನಡುವಿನ ದಿಣ್ಣೆಯ ಮೇಲೆ ಅದು ಕೂತುಬಿಡುತ್ತದೆ.

ಮೊದಲ ನೂರು ಮೀಟರ್ ಗರಸು. ಟೈರಿನ ಕೆಳಗೆ ಕಲ್ಲು ಕರಕರ ಅನ್ನುತ್ತದೆ. ಗರಸು ಮುಗಿದು ಎರಿ ಶುರುವಾದ ಕೂಡಲೇ ಆ ಸದ್ದು ನಿಲ್ಲುತ್ತದೆ. ಸ್ಟಿಯರಿಂಗ್ ಹಗುರಾದದ್ದು ಹುಡುಗನ ಕೈ ನೋಡಿದರೇ ಗೊತ್ತಾಗುತ್ತದೆ: ಅವನು ಬಲಕ್ಕೆ ತಿರುಗಿಸುತ್ತಾನೆ, ಮೂತಿ ನೆಟ್ಟಗೇ ಹೋಗುತ್ತದೆ. ಗಾಲಿಯಿಂದ ಕಿತ್ತ ಹೆಂಟೆಗಳು ತಳಕ್ಕೆ ದಪ್ಪದಪ್ಪ ಬಡಿಯುತ್ತವೆ. ಹುಡುಗ ರೇಸ್ ಒತ್ತುತ್ತಾನೆ. ಇಂಜಿನ್ ಕೂಗು ಏರುತ್ತದೆ, ಬದಿಯ ಜಾಲಿ ಗಿಡ ಮಾತ್ರ ನಿಂತಲ್ಲೇ ನಿಂತಿದೆ. ಕ್ಲಚ್ ಸುಟ್ಟ ವಾಸನೆ. ಮುಗಿಯಿತು.

ಇಳಿಯುತ್ತೀರಿ. ಎರಡು ಹೆಜ್ಜೆಗೆ ಒಂದೊಂದು ಚಪ್ಪಲಿಯೂ ಅರ್ಧ ಸೇರು ತೂಗುತ್ತದೆ. ಬಗ್ಗಿ ಹಿಂದಿನ ಟೈರು ನೋಡಿರಿ. ನಾದಿದ ರೊಟ್ಟಿ ಹಿಟ್ಟು ಬೆರಳ ಸಂದಿಗೆ ಮೆತ್ತಿದ ಹಾಗೆ ಗೀರುಗಳೆಲ್ಲ ಎರಿಯಿಂದ ತುಂಬಿವೆ. ಈಗ ಅದಕ್ಕೆ ಹಲ್ಲೇ ಇಲ್ಲ, ಬರೀ ನುಣುಪು ಉರುಳೆ. ಮಡ್‌ಗಾರ್ಡಿನ ಒಳಗೂ ಮಣ್ಣು ಗಿಡಿದು ಗಾಲಿ ಸಲೀಸಾಗಿ ತಿರುಗಲು ತಾವಿಲ್ಲ. ಹುಡುಗ ಒಳಗೆ ಕೂತು ಮತ್ತೊಮ್ಮೆ ರೇಸ್ ಕೊಡುತ್ತಾನೆ: ಬಲಗಾಲಿ ಗಿರ್ರನೆ ಸುತ್ತುತ್ತದೆ, ಎಡಗಾಲಿ ಅಲುಗುವುದಿಲ್ಲ. ಎರಡೂ ಗಾಲಿಯ ನಡುವಿನ ಡಿಫರೆನ್ಷಿಯಲ್ ಮಾಡುವ ಉಪಕಾರ ಇದು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ಸುತ್ತಬೇಕು, ಒಳಗಿನದು ಕಡಿಮೆ. ಅದಕ್ಕಾಗಿ ಅದು ಎರಡನ್ನೂ ಬಿಡಿಬಿಡಿಯಾಗಿ ತಿರುಗಲು ಬಿಟ್ಟಿದೆ. ಹಾಗಾಗಿ ಜಾರುವ ಗಾಲಿಗೆ ಎಷ್ಟು ಬಲ ಬೇಕೋ ಅಷ್ಟೇ ಬಲ ಹಿಡಿತವಿರುವ ಗಾಲಿಗೂ ಸಿಗುತ್ತದೆ. ಜಾರುವುದಕ್ಕೆ ಬೇಕಾಗುವ ಬಲ ಎಷ್ಟು? ಹೆಚ್ಚೂಕಡಿಮೆ ಏನೂ ಇಲ್ಲ.

"ರೇಸ್ ಕೊಡಬ್ಯಾಡಲೇ! ಇನ್ನಷ್ಟು ಹುಗಿತದ."

ಹಿಂದಿನಿಂದ ಟ್ರ್ಯಾಕ್ಟರ್ ಬಂದಿದೆ. ಹಳೆಯದು, ಟೂ ವೀಲ್ ಡ್ರೈವ್, ಬಣ್ಣ ಹೋಗಿದೆ. ಹಿಂದಿನ ಟೈರು ಮಾತ್ರ ಹೊಸ ಬಟನ್ನಿನದು, ಒಂದೊಂದು ಹಲ್ಲೂ ಎದ್ದು ಕಾಣುತ್ತದೆ. ಮೇಲೆ ಕೂತ ಕಾಕಾ ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದು ಪೆನ್ಶನ್ ಮೇಲೆ ಊರಿಗೆ ಬಂದವರು. 

ಅವರು ಆತುರ ಮಾಡುವುದಿಲ್ಲ. ಪಿಕಪ್ಪಿನ ಟೈರನ್ನು ಹೆಬ್ಬೆರಳಿನಿಂದ ಕೆರೆದು ನೋಡಿ, "ಇದರ ಮ್ಯಾಲೆ ಎರ‍್ಯಾಗ ಬಂದೀಯಲ್ಲ," ಅನ್ನುತ್ತಾರೆ. ಆಮೇಲೆ ಕುರ್ಪಿ ಹಿಡಿದು ಗಾಲಿಯ ಹಿಂದಿನ ಮಣ್ಣು ತೆಗೆಸುತ್ತಾರೆ. ಸರಪಳಿಯನ್ನು ಟ್ರ್ಯಾಕ್ಟರಿನ ಕೆಳಗಿನ ಪಟ್ಟಿಗೇ ಕಟ್ಟುತ್ತಾರೆ, ಮೇಲಿನ ಲಿಂಕಿಗಲ್ಲ. ನಿಮ್ಮನ್ನು ಮಡ್‌ಗಾರ್ಡ್ ಮೇಲೆ ಕೂರಲು ಬಿಡುವುದಿಲ್ಲ. "ದೂರ ನಿಂದರ‍್ರೀ. ಸರಪಳಿ ಹರದ್ರ ತಲೀಗೆ ಬಡಿತದ."

ಲೋ ಗೇರು. ಟ್ರ್ಯಾಕ್ಟರಿನ ಬಲಗಾಲಿಯೂ ಒಂದು ಸುತ್ತು ಸುಮ್ಮನೆ ತಿರುಗುತ್ತದೆ. ಕಾಕಾ ಹಿಮ್ಮಡಿಯಿಂದ ಒಂದು ಪೆಡಲ್ ಒತ್ತುತ್ತಾರೆ. ಡಿಫರೆನ್ಷಿಯಲ್ ಲಾಕ್. ಈಗ ಎರಡೂ ಹಿಂದಿನ ಗಾಲಿ ಒಂದೇ ಅಚ್ಚಿಗೆ ಬೆಸೆದುಕೊಂಡವು, ಒಂದು ಸುತ್ತಿದರೆ ಇನ್ನೊಂದೂ ಸುತ್ತಲೇಬೇಕು. ಹಲ್ಲು ನೆಲ ಕಚ್ಚುವುದನ್ನು ನೀವು ಕಣ್ಣಾರೆ ಕಾಣುತ್ತೀರಿ: ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಕೂಡಿಸಿದ ಹಲ್ಲಿನ ಮೂತಿ ಮೊದಲು ನೆಲಕ್ಕೆ ತಾಗುತ್ತದೆ, ಆಮೇಲೆ ಅಂಚು. ನಡುವಿನ ಮಣ್ಣು ಎರಡೂ ಬದಿಗೆ ಹಿಸುಕಿ ಹೊರಬೀಳುತ್ತದೆ. ಹಲ್ಲು ಮೇಲೆ ಬರುವಷ್ಟರಲ್ಲಿ ಸಂದಿ ಖಾಲಿಯಾಗಿ, ಮತ್ತೊಮ್ಮೆ ಕಚ್ಚಲು ಸಿದ್ಧವಾಗಿರುತ್ತದೆ. ಟೈರನ್ನು ತಿರುಗುಮುರುಗು ಹಾಕಿದರೆ ಇದೇ ಹಲ್ಲು ಮಣ್ಣನ್ನು ಒಳಕ್ಕೆ ತುಂಬಿಕೊಳ್ಳುತ್ತದೆ. ಬದಿಗೆ ಬಾಣದ ಗುರುತು ಇರುವುದು ಅದಕ್ಕೇ. ಪಿಕಪ್ ಗಳಕ್ಕನೆ ಕಿತ್ತು ಗರಸಿಗೆ ಬಂದು ನಿಲ್ಲುತ್ತದೆ. ಕಾಕಾ ತಕ್ಷಣ ಹಿಮ್ಮಡಿ ಎತ್ತುತ್ತಾರೆ. ಲಾಕ್ ಹಾಕಿಕೊಂಡು ತಿರುಗಿಸಿದರೆ ಗಾಡಿ ತಿರುಗುವುದಿಲ್ಲ, ಹೌಸಿಂಗ್ ಒಳಗಿನ ಹಲ್ಲು ಮುರಿಯಬಹುದು.

ಚೀಲಗಳನ್ನು ಹೊಲಕ್ಕೆ ಒಯ್ಯಲು ಟ್ರ್ಯಾಕ್ಟರಿನ ಟ್ರೇಲರಿಗೆ ಹಾಕುವ ಹೊತ್ತಿಗೆ ಮಾತು ಹಿಮಕ್ಕೆ ಹೊರಳುತ್ತದೆ. ಕಾಕಾ ಸ್ಟಾಲಿಯನ್ ಲಾರಿ ಹೊಡೆದವರು. ಕಾಶ್ಮೀರದಿಂದ ದ್ರಾಸ್, ಕಾರ್ಗಿಲ್ ಕಡೆಗೆ ಜೋಜಿ ಲಾ ದಾಟಿಸಿದವರು. ಸುಮಾರು ಹನ್ನೊಂದೂವರೆ ಸಾವಿರ ಅಡಿ ಎತ್ತರದ ಆ ಕಣಿವೆಯಲ್ಲಿ ಒಂದು ಬದಿ ಗೋಡೆ, ಇನ್ನೊಂದು ಬದಿ ಪ್ರಪಾತ.

"ಆ ಲಾರಿಗೆ ನಾಲ್ಕೂ ಗಾಲಿಗೆ ಪವರ್ ಇರ‍್ತದ್ರಿ. ಆದರೂ ಬರ್ಫ ಬಿದ್ದರ ಚೈನ್ ಹಾಕದ ಬಿಡ್ತಿದ್ದಿಲ್ಲ. ಯಾಕಂತೀರಿ? ಏರೂದೇನ ಏರ‍್ತದ. ಇಳಿಯೂದು? ನಾಲ್ಕೂ ಗಾಲಿಗೆ ಪವರ್ ಕೊಟ್ರ ಹೊಂಡ್ತದ, ನಿಲ್ಲೂದಿಲ್ಲ. ಬ್ರೇಕ್ ಅಂದ್ರ ಕಾರಿಗೂ ಲಾರಿಗೂ ಮೊದಲಿಂದ ನಾಲ್ಕೂ ಗಾಲಿಗೇ ಅದ. ನಿಲ್ಲಸೂದು ಟೈರು."

ಇಡೀ ವಿಷಯದ ತಿರುಳು ಈ ಮಾತಿನಲ್ಲಿದೆ. ಒಣ ಡಾಂಬರಿನ ಮೇಲೆ ಟೈರಿನ ಘರ್ಷಣೆಯ ಗುಣಾಂಕ ಸುಮಾರು 0.7ರಿಂದ 0.8. ತುಳಿದು ಗಟ್ಟಿಯಾದ ಹಿಮದ ಮೇಲೆ 0.2ರಿಂದ 0.3. ಬರಿಯ ಮಂಜುಗಡ್ಡೆಯಾದರೆ 0.1ರ ಆಸುಪಾಸು. ಡಾಂಬರಿನಲ್ಲಿ ಹತ್ತು ಮೀಟರಿಗೆ ನಿಲ್ಲುವ ಗಾಡಿಗೆ ಗಟ್ಟಿ ಹಿಮದಲ್ಲಿ ಮೂವತ್ತು ಮೀಟರ್ ಬೇಕು. ಫೋರ್ ವೀಲ್ ಡ್ರೈವ್ ಈ ಅಂಕಿಯನ್ನು ಒಂದಿಷ್ಟೂ ಬದಲಿಸುವುದಿಲ್ಲ, ಇರುವ ಹಿಡಿತವನ್ನು ಎರಡರ ಬದಲು ನಾಲ್ಕು ಗಾಲಿಯಿಂದ ಬಳಸಿಕೊಳ್ಳುತ್ತದೆ, ಅದೂ ಮುಂದಕ್ಕೆ ಹೋಗುವಾಗ ಮಾತ್ರ. ಅಂಕಿ ಬದಲಾಗುವುದು ಟೈರು ಬದಲಾದಾಗ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾರಿಗೆ ಚಳಿಗಾಲದ ಟೈರು ಕಡ್ಡಾಯ. ಫೋರ್ ವೀಲ್ ಡ್ರೈವ್ ಕಡ್ಡಾಯ ಮಾಡಿಲ್ಲ ನೋಡಿ. ಆ ಟೈರಿನ ರಬ್ಬರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲೂ ಮೆತ್ತಗೇ ಉಳಿಯುತ್ತದೆ, ಮೈತುಂಬ ಕೂದಲೆಳೆಯಷ್ಟು ಸಣ್ಣ ಸೀಳುಗಳಿರುತ್ತವೆ. ಅದನ್ನೇ ತಂದು ವಿಜಯಪುರದ 40 ಡಿಗ್ರಿ ಬಿಸಿಲಲ್ಲಿ ಓಡಿಸಿದರೆ ನೋಡನೋಡುತ್ತ ಸವೆದುಹೋದೀತು.

"ಹಂಗಾರ ಬರ್ಫಕ್ಕೂ ಎರೀಗೂ ಒಂದೇ ಟೈರ್ ನಡೀತದೇನ್ ಕಾಕಾ?" ಹುಡುಗನ ಪ್ರಶ್ನೆ.

"ನಡ್ಯಾಂಗಿಲ್ಲ. ಅಲ್ಲಿ ಗೀರಿನಾಗ ಬರ್ಫ ತುಂಬಬೇಕು. ಇಲ್ಲಿ ತುಂಬಬಾರದು."

ಹಿಮಕ್ಕೆ ಹಿಮ ಕಚ್ಚುತ್ತದೆ. ಟೈರಿನ ಸಂದಿಯಲ್ಲಿ ಒತ್ತಿ ಕೂತ ಹಿಮ ಕೆಳಗಿನ ಹಿಮಕ್ಕೆ ಅಂಟಿ ಹಿಡಿತ ಕೊಡುತ್ತದೆ, ಆದ್ದರಿಂದ ಅಲ್ಲಿ ಸಣ್ಣ ಸಣ್ಣ ಸೀಳು ಹೆಚ್ಚಿದ್ದಷ್ಟೂ ಲಾಭ. ಎರಿಯ ಸ್ವಭಾವ ಬೇರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಜೇಡಿ. ಆ ಜೇಡಿಯ ಕಣಗಳು ಪದರ ಪದರವಾಗಿದ್ದು, ಪದರಗಳ ನಡುವೆ ನೀರು ಹೊಕ್ಕು ಉಬ್ಬುತ್ತವೆ. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಡುವ ನೆಲವೇ ಮಳೆಗೆ ಉಬ್ಬಿ, ಬಿರುಕು ಮುಚ್ಚಿ, ನೀರು ಇಂಗದೆ ಮೇಲೆ ಲೋಳೆಯಾಗುತ್ತದೆ. ಟೈರಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ತನ್ನ ಕೆಳಗಿನ ಒದ್ದೆ ಪದರಿನಿಂದ ಮಾತ್ರ ಸುಲಭವಾಗಿ ಜಾರುತ್ತದೆ. ಆದ್ದರಿಂದ ಇಲ್ಲಿ ಬೇಕಾದದ್ದು ಕಡಿಮೆ ಹಲ್ಲು, ಎತ್ತರದ ಹಲ್ಲು, ನಡುವೆ ಅಗಲವಾದ ಸಂದಿ. ತುಂಬಿದ್ದನ್ನು ಉಗುಳುವ ಟೈರು.

ಅಗಲದ ಮಾತೂ ಅಷ್ಟೇ. ತೆಳು ಹಿಮದಲ್ಲಿ ಕಿರಿದಾದ ಟೈರು ಒಳ್ಳೆಯದು, ಕೊರೆದುಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಒಂದು ಸಣ್ಣ ಮಳೆಗೆ ಎರಿಯ ಮೇಲ್ಪದರ ಮಾತ್ರ ನೆನೆದಾಗ ಚಕ್ಕಡಿಯ ಎತ್ತರದ, ಕಿರಿದಾದ ಗಾಲಿ ಮಾಡುತ್ತಿದ್ದ ಕೆಲಸವೂ ಅದೇ. ಆಳಕ್ಕೆ ನೆನೆದ ಎರಿಯಲ್ಲಿ ಹಾಗಲ್ಲ, ಗಟ್ಟಿ ನೆಲ ಸಿಗುವ ಮೊದಲೇ ಗಾಡಿಯ ಅಚ್ಚು ಹೂತಿರುತ್ತದೆ. ಅಲ್ಲಿ ಅಗಲ ಟೈರು, ಕಡಿಮೆ ಗಾಳಿ.

ಮಧ್ಯಾಹ್ನಕ್ಕೆ ನೀವು ಮುದ್ದೇಬಿಹಾಳದ ಕಡೆ, ತಾಳಿಕೋಟೆ ಹತ್ತಿರ. ಹಡಗಿನಾಳದ ಬಳಿಯ ತಗ್ಗು ಸೇತುವೆಯ ಮೇಲೆ ಡೋಣಿ ಹರಿಯುತ್ತಿದೆ. ಇತ್ತ ಬದಿ ಬೈಕು, ಟಂಟಂ, ಒಂದು ಬಸ್ಸು ಸಾಲಾಗಿ ನಿಂತಿವೆ. ಯಾರೋ ಒಬ್ಬರು ತಮ್ಮ ಜೀಪಿನ ಫೋರ್ ವೀಲ್ ಲಿವರ್ ಎಳೆದು ಮುಂದೆ ಬರುತ್ತಾರೆ, ದಂಡೆಯಲ್ಲಿ ನಿಂತ ಹೆಂಗಸರೇ ಬೈದು ಹಿಂದೆ ಕಳಿಸುತ್ತಾರೆ. ಸರಿಯಾಗಿಯೇ ಮಾಡಿದರು. ಹರಿಯುವ ನೀರು ಒಂದು ಅಡಿ ಇದ್ದರೆ ಸಣ್ಣ ಕಾರು ತೇಲಬಹುದು, ಎರಡು ಅಡಿಯಾದರೆ ಜೀಪೂ ಕೊಚ್ಚಿಹೋದೀತು. ತೇಲಿದ ಗಾಲಿಗೆ ಎಷ್ಟು ಬಲ ಕೊಟ್ಟರೂ ಅದು ನೀರನ್ನೇ ಕಡೆಯುತ್ತದೆ. ಇಲ್ಲಿ ಟೈರಿನ ಚರ್ಚೆಯೇ ಇಲ್ಲ. ವಾಪಸ್ಸು.

ಸುತ್ತುಹಾಕಿ ಸಿಂದಗಿ ಸೇರುವಾಗ ಬಿಸಿಲು ಬಿದ್ದಿದೆ. ಹೆದ್ದಾರಿ ಬದಿಯ ರಿಬಟನ್ ಅಂಗಡಿಯಲ್ಲಿ ಬಿಸಿ ರಬ್ಬರಿನ ಘಾಟು. ನೆಲದ ಮೇಲೆ ಎದೆಯೆತ್ತರದ ಟ್ರ್ಯಾಕ್ಟರ್ ಟೈರುಗಳು ಒಂದಕ್ಕೊಂದು ಒರಗಿವೆ: 13.6-28, 14.9-28, ಒಂದು ದೊಡ್ಡ ಇಂಜಿನ್ನಿನ 16.9-28. ಹುಡುಗನೊಬ್ಬ ಸವೆದ ಟೈರಿನ ಮೈಯನ್ನು ಉಜ್ಜುವ ಯಂತ್ರಕ್ಕೆ ಹಿಡಿದಿದ್ದಾನೆ. ಕಪ್ಪು ಪುಡಿ ಅವನ ರೆಪ್ಪೆಯ ಮೇಲೂ ಕೂತಿದೆ. ಉಜ್ಜಿದ ಮೈಗೆ ಹೊಸ ಬಟನ್ ಅಂಟಿಸಿ, ಅಚ್ಚಿಗೆ ಹಾಕಿ ಬೇಯಿಸಿದರೆ ಟೈರು ಮತ್ತೆ ಹೊಲಕ್ಕೆ ಸಿದ್ಧ.

ಅಂಗಡಿಯವರು ಬಾಯಿಮಾತಿನಲ್ಲೇ ಒಂದು ಪಾಠ ಮಾಡುತ್ತಾರೆ. "ಒಂದs ಗಾಲಿಗೆ ಬಟನ್ ಹಾಕ್ರಿ ಅಂತ ಬರ‍್ತಾರ. ಹಾಕೂದಿಲ್ಲ ಅಂತೀನಿ. ಹಾಕಿದ್ರ ಎರಡೂ ಹಾಕಬೇಕು." ಒಂದು ಗಾಲಿ ಎತ್ತರ, ಒಂದು ಗಿಡ್ಡವಾದರೆ ಡಿಫರೆನ್ಷಿಯಲ್ ನೆಟ್ಟಗಿನ ದಾರಿಯಲ್ಲೂ ಬಿಡುವಿಲ್ಲದೆ ದುಡಿಯಬೇಕು. ಫೋರ್ ವೀಲ್ ಟ್ರ್ಯಾಕ್ಟರಿನಲ್ಲಿ ಇನ್ನೂ ಸೂಕ್ಷ್ಮ. ಮುಂದಿನ ಸಣ್ಣ ಗಾಲಿ ಹಿಂದಿನದಕ್ಕಿಂತ ತುಸು ಮುಂದೆ ಎಳೆಯುವಂತೆ ಕಂಪನಿಯವರು ಗೇರಿನ ಲೆಕ್ಕ ಕೂಡಿಸಿರುತ್ತಾರೆ. ಹಿಂದೆ ಬೇರೆ ಅಳತೆಯ ಟೈರು ಹಾಕಿದರೆ ಆ ಲೆಕ್ಕ ಕೆಡುತ್ತದೆ. ಡಾಂಬರಿನ ಮೇಲೆ ಫೋರ್ ವೀಲ್ ಬಿಡದೆ ಓಡಿಸಿದರೂ ಅಷ್ಟೇ: ಹೊಲದಲ್ಲಿ ಮಣ್ಣು ಜಾರಿ ವ್ಯತ್ಯಾಸ ನುಂಗಿಕೊಳ್ಳುತ್ತದೆ, ಡಾಂಬರಿನಲ್ಲಿ ಮುಂದಿನ ಟೈರು ನುಂಗುತ್ತದೆ. ಹೊಸ ಟ್ರ್ಯಾಕ್ಟರ್ ಕೊಂಡ ವರ್ಷದೊಳಗೇ ಮುಂದಿನ ಟೈರು ಬೋಳಾಯಿತು ಎಂದು ಗೋಳಾಡುವವರು ಬಹಳ ಸಲ ಲಿವರ್ ತೆಗೆಯಲು ಮರೆತವರು.

ಗಾಳಿ, ನೀರಿನ ಮಾತೂ ಅಲ್ಲೇ ಬರುತ್ತದೆ. ಹೊಲದ ಕೆಲಸಕ್ಕೆ ಹಿಂದಿನ ಟೈರಿಗೆ 12ರಿಂದ 14 ಪೌಂಡ್ ಗಾಳಿ ಸಾಕು, ಟೈರು ನೆಲದ ಮೇಲೆ ಅಗಲವಾಗಿ ಕೂರುತ್ತದೆ. ಟ್ರೇಲರ್ ಹೇರಿಕೊಂಡು ರಸ್ತೆಗಿಳಿದರೆ ಹೆಚ್ಚು ಬೇಕು. ರಸ್ತೆಗೆ ಹೊಡೆಸಿದ ಗಾಳಿಯಲ್ಲೇ ಎರಿ ಹೊಲಕ್ಕಿಳಿಯುವುದು ನಮ್ಮ ಕಡೆಯ ಸಾಮಾನ್ಯ ತಪ್ಪು, ಒಂದು ಪೈಸೆ ಖರ್ಚಿಲ್ಲದೆ ಸರಿಪಡಿಸಬಹುದಾದ ತಪ್ಪು. ಹಿಡಿತ ಸಾಲದಿದ್ದರೆ ಟ್ಯೂಬಿನ ಮುಕ್ಕಾಲು ಪಾಲು ನೀರು ತುಂಬಿಸುತ್ತಾರೆ. ಒಂದೊಂದು ಗಾಲಿಗೂ ನೂರು ಲೀಟರಿಗಿಂತ ಹೆಚ್ಚು ಹಿಡಿದು, ಅಷ್ಟು ಕಿಲೋ ತೂಕ ನೇರವಾಗಿ ಗಾಲಿಗೇ ಬರುತ್ತದೆ. ಹಿಮದ ನಾಡಿನಲ್ಲೂ ಇದೇ ಉಪಾಯ. ಅಲ್ಲಿ ನೀರು ಹೆಪ್ಪುಗಟ್ಟದಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ, ಅಷ್ಟೇ ವ್ಯತ್ಯಾಸ.

ಸಂಜೆಯ ಹೊತ್ತಿಗೆ ಇಂಡಿ. ಮಸಾರಿ ಮಣ್ಣಿನ ಲಿಂಬೆ ತೋಟಗಳ ದಾರಿಯಲ್ಲಿ ಏನೂ ತೊಂದರೆಯಿಲ್ಲ, ಆ ಮಣ್ಣು ನೀರನ್ನು ಬೇಗ ಇಂಗಿಸಿಕೊಳ್ಳುತ್ತದೆ. ಭೀಮಾ ನದಿಯ ಕಡೆಗೆ ಎರಿ ಮತ್ತೆ ಶುರುವಾಗುತ್ತದೆ. ಅಲ್ಲೊಂದು ಹೊಲದ ನಡುವೆ ಜನ ಸೇರಿದ್ದಾರೆ. ಹೋಗಿ ನೋಡಿದರೆ ಹೊಚ್ಚಹೊಸ ಫೋರ್ ವೀಲ್ ಟ್ರ್ಯಾಕ್ಟರ್, ಹಿಂದೆ ಕೂರಿಗೆ ಸಮೇತ, ಹೌಸಿಂಗ್ ನೆಲಕ್ಕೆ ತಾಗುವ ತನಕ ಹೂತಿದೆ. ಮುಂದಿನ ಗಾಲಿಯೂ ಎಳೆಯುತ್ತಿತ್ತಾದ್ದರಿಂದ ಹೊಲದ ಅಂಚು ದಾಟಿ, ಅತಿ ಮೆತ್ತಗಿನ ತಗ್ಗಿನ ತನಕ ಬಂದುಬಿಟ್ಟಿದೆ. ಟೂ ವೀಲ್ ಆಗಿದ್ದರೆ ಬದುವಿನ ಹತ್ತಿರವೇ ನಿಲ್ಲುತ್ತಿತ್ತು, ಎಳೆದು ತೆಗೆಯುವುದು ಸುಲಭವಾಗುತ್ತಿತ್ತು.

ಒಬ್ಬ ತರುಣ ಜಾಲಿ ದಿಮ್ಮಿ ತಂದಿದ್ದಾನೆ. ಹಿಂದಿನ ಎರಡೂ ಗಾಲಿಗೆ ಅಡ್ಡಲಾಗಿ ಸರಪಳಿಯಿಂದ ಬಿಗಿದು ಗೇರ್ ಹಾಕಿದರೆ ಗಾಲಿ ದಿಮ್ಮಿಯನ್ನು ತುಳಿದು ಮೇಲೇರುತ್ತದೆ ಎಂಬುದು ಅವನ ಉಪಾಯ.

"ಯಪ್ಪಾ, ಅದು ಬ್ಯಾಡ!" ಬದುವಿನ ಮೇಲಿಂದ ಒಬ್ಬ ಮುತ್ಯಾ ಕೂಗುತ್ತಾರೆ. "ಗಾಲಿ ಏಳಲಿಲ್ಲಂದ್ರ ಇಂಜಿನ್ನs ಏಳ್ತದ."

ಮುತ್ಯಾನ ಮಾತನ್ನು ಯಾರೂ ಹಗುರ ಮಾಡಬಾರದು. ಹಿಂದಿನ ಗಾಲಿ ತಿರುಗಲಾಗದಂತೆ ಸಿಕ್ಕಿಕೊಂಡಾಗ ಬಲ ಕೊಟ್ಟರೆ, ಅಚ್ಚು ತಿರುಗುವ ಬದಲು ಅಚ್ಚಿನ ಸುತ್ತ ಟ್ರ್ಯಾಕ್ಟರೇ ತಿರುಗುತ್ತದೆ. ಮೂತಿ ಮೇಲೆದ್ದು ಹಿಂದಕ್ಕೆ ಮಗುಚಿ ಬೀಳಲು ಎರಡು ಸೆಕೆಂಡೂ ಬೇಡ. ಕ್ಲಚ್ ಒತ್ತುವಷ್ಟು ಪುರಸೊತ್ತು ಕೂತವನಿಗೆ ಸಿಗುವುದಿಲ್ಲ. ಸರಪಳಿಯನ್ನು ಮೇಲಿನ ಲಿಂಕಿಗೆ ಕಟ್ಟಿ ಎಳೆದರೂ ಇದೇ ಗತಿ. ಬೆಳಿಗ್ಗೆ ಕಾಕಾ ಕೆಳಗಿನ ಪಟ್ಟಿ ಹುಡುಕಿದ್ದು ಯಾಕೆಂದು ಈಗ ಗೊತ್ತಾಯಿತಲ್ಲ.

ದಿಮ್ಮಿ ಬದಿಗೆ ಬಿತ್ತು. ಮೊದಲು ಕೂರಿಗೆ ಬಿಚ್ಚುತ್ತಾರೆ, ಭಾರ ಅಷ್ಟರಮಟ್ಟಿಗೆ ಇಳಿಯಿತು. ಹಿಂದಿನ ಗಾಲಿಯ ಹಿಂದೆ ಸಲಿಕೆಯಿಂದ ಇಳಿಜಾರು ತೋಡುತ್ತಾರೆ. ಬದುವಿನ ಮೇಲಿದ್ದ ಹೋದ ವರ್ಷದ ತೊಗರಿ ಕಟ್ಟಿಗೆ ತಂದು ಹಾಸುತ್ತಾರೆ. ಮುಂದಕ್ಕಲ್ಲ, ಬಂದ ಜಾಡಿನಲ್ಲೇ ಹಿಂದಕ್ಕೆ. ಆ ಜಾಡು ಒಮ್ಮೆ ತುಳಿದು ಗಟ್ಟಿಯಾಗಿದೆ. ಆದರೂ ಅಲುಗುವುದಿಲ್ಲ. ಕೊನೆಗೆ ಎರಡು ಜೋಡಿ ಎತ್ತು ಬರುತ್ತವೆ. ಕೊಳ್ಳಿನ ಗೆಜ್ಜೆ, ಬಾರುಕೋಲಿನ ಸಪ್ಪಳ, ನಾಲ್ಕೂ ಕಾಲಿಗೆ ಬಲವಿರುವ, ಒಂದೊಂದು ಗೊರಸನ್ನೂ ಬೇಕಾದಲ್ಲಿ ನೋಡಿ ಊರುವ ಪ್ರಾಣಿ.  ಡ್ರೈವರ್ ರಿವರ್ಸ್ ಲೋ ಗೇರಿನಲ್ಲಿ ಮೆಲ್ಲಗೆ ಕ್ಲಚ್ ಬಿಡುತ್ತಾನೆ, ಎತ್ತು ಮೈ ಬಗ್ಗಿಸುತ್ತವೆ, ಲೊಚ್ಚ್ ಅನ್ನುತ್ತ ಎರಿ ಗಾಲಿಯನ್ನು ಬಿಟ್ಟುಕೊಡುತ್ತದೆ.

ಹೊಲದ ನಡುವೆ ಮೊಳದಾಳದ ಎರಡು ಗುಂಡಿ ಉಳಿದಿವೆ. ಆ ಜಾಡಿನ ಮಣ್ಣು ಒತ್ತಿ ಇಟ್ಟಿಗೆಯಾಗಿದೆ. ಈ ಹಿಂಗಾರಿಗೆ ಅಲ್ಲಿ ಜೋಳದ ಬೇರು ಇಳಿಯುವುದು ಕಷ್ಟ. ಹೊಲದ ಒಡೆಯ ಮುತ್ಯಾನ ಹತ್ತಿರ ಬಂದು ನಿಲ್ಲುತ್ತಾನೆ.

"ಎಷ್ಟ ದಿನಾ ಬಿಡಬೇಕಿತ್ತ್ರಿ ಮುತ್ಯಾ?"

"ಹದ ಬರೂತನಾ."

ಮುತ್ಯಾ ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಹಿಸುಕಿ ತೋರಿಸುತ್ತಾರೆ. ಬೆರಳ ಸಂದಿಯಿಂದ ಹೊರಬಂದು ಅಂಟಿಕೊಂಡರೆ ಇನ್ನೂ ಹಸಿ. ಉಂಡೆಯಾಗಿ, ಕೈಯಿಂದ ಬಿಟ್ಟರೆ ಒಡೆದು ಪುಡಿಯಾದರೆ ಹದ. ಎರಿಯಲ್ಲಿ ಈ ಹದದ ಅವಧಿ ಬಹಳ ಸಣ್ಣದು. ಇತ್ತ ಹಸಿ, ಅತ್ತ ಕಲ್ಲು, ನಡುವೆ ಕೆಲವೇ ದಿನ. ಆ ಅವಸರಕ್ಕೇ ಜನ ಫೋರ್ ವೀಲ್ ಕೊಳ್ಳುತ್ತಾರೆ, ಆ ಅವಸರಕ್ಕೇ ಹೂತುಕೊಳ್ಳುತ್ತಾರೆ. ಫೋರ್ ವೀಲ್ ಬೇಡವೆಂದಲ್ಲ. ಹದ ಬಂದ ಹೊಲದಲ್ಲಿ ಆಳ ನೇಗಿಲು ಎಳೆಯುವಾಗ, ಏರಿನಲ್ಲಿ ಹೇರು ಹೊರುವಾಗ ಅದರ ಬೆಲೆ ತಿಳಿಯುತ್ತದೆ. ಆದರೆ ಬೋಳು ಟೈರಿನ ಫೋರ್ ವೀಲಿಗಿಂತ ಒಳ್ಳೆ ಬಟನ್ನಿನ ಟೂ ವೀಲ್ ಮೇಲು. ಈ ಹಿಂಗಾರಿಗೆ ಹೊಸ ಟ್ರ್ಯಾಕ್ಟರಿನ ಸಾಲಕ್ಕೆ ಸಹಿ ಹಾಕಲು ಹೊರಟಿದ್ದೀರಾ? ಮೊದಲು ಮನೆಯ ಮುಂದಿರುವ ಹಳೆಯದರ ಹಿಂದಿನ ಎರಡೂ ಟೈರಿಗೆ ಬಟನ್ ಹಾಕಿಸಿ, ಗಾಳಿ ಇಳಿಸಿ, ಲಾಕ್ ಪೆಡಲಿಗೆ ಎಣ್ಣೆ ಬಿಟ್ಟು ಒಂದು ಮಳೆಗಾಲ ಹೊಡೆದು ನೋಡ್ರಿ. ಸಾಲ ಎಲ್ಲಿಗೂ ಓಡಿಹೋಗುವುದಿಲ್ಲ.